ಹದಿನೆಂಟನೆಯ ಹಾಳೆ

ನಮ್ಮೂರಿನ ಸಂಸ್ಕೃತಿ ಭವನದ ಫು ಸುಲಿಂಗ್ ಅಕ್ಕನನ್ನು ಮೋಟಾರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಇಪ್ಪತ್ತೈದು ವರ್ಷ ಈ ಬೆಟ್ಟಗಳನ್ನು ಸುತ್ತಿದ್ದೇನೆ. ದೊಡ್ಡ ಸೇವೆ ಮಾಡಿದೆ ಎಂದು ಹೇಳಿಕೊಳ್ಳುತ್ತಿಲ್ಲ. ಬೆಳಗಿನ ರಬ್ಬರ್ ಹಾಲು ಇಳಿಸಿ ಬಂದು ಎರಡು ಗಂಟೆ ಮಲಗೋಣ ಎಂದು ಚಾಪೆ ಬಿಡಿಸುವ ಹೊತ್ತಿಗೆ ಸರಿಯಾಗಿ ಅವಳು ಬಾಗಿಲಲ್ಲಿ ನಿಂತಿರುತ್ತಿದ್ದಳು. ಹೆಗಲಲ್ಲಿ ಹಸಿರು ಚೀಲ, ಅದರೊಳಗೆ ಎಣ್ಣೆಕಾಗದದ ಸುರುಳಿ, ಪೆನ್ಸಿಲು, ಬಿಸಿನೀರಿನ ಫ್ಲಾಸ್ಕು.

"ಆಗ್ವಾಂಗ್, ಇನ್ನೊಬ್ಬಳು ಸಿಕ್ಕಿದಾಳೆ ಕಣೋ. ಕೆಮ್ಮು ಜೋರಾಗಿದೆಯಂತೆ. ಇವತ್ತೇ ಹೋಗ್ಬೇಕು."

ಈ ಜಿಲ್ಲೆಯ ಕೆಮ್ಮುವ ಮುದುಕಿಯರೆಲ್ಲ ಸೇರಿ ನನ್ನ ನಿದ್ದೆ ತಿಂದರು. ಬೈದುಕೊಂಡೇ ಚಪ್ಪಲಿ ಮೆಟ್ಟುತ್ತಿದ್ದೆ.

ಅಲ್ಲಿಗೆ ಹೋದ ಮೇಲೆ ನನಗೆ ಒಳಗೆ ಜಾಗವಿಲ್ಲ. ನಾವು ಈ ದ್ವೀಪದ ಲೀ ಜನ, ನಮ್ಮ ಹೆಂಗಸರ ಹಚ್ಚೆ ಮುಖಕ್ಕೆ ಮುಗಿಯುವುದಿಲ್ಲ. ಕತ್ತಿನಿಂದ ಎದೆಗೆ ಇಳಿಯುತ್ತದೆ, ಕಾಲಿನಿಂದ ತೊಡೆಗೆ ಏರುತ್ತದೆ. ಗಂಡಸರು ಹತ್ತಿರ ಸುಳಿಯುವಂತಿಲ್ಲ. ನಾನು ಹಲಸಿನ ಮರಕ್ಕೆ ಬೈಕು ಒರಗಿಸಿ ಕೂರುತ್ತಿದ್ದೆ. ಗೋಡೆ ಬಿದಿರಿನದು, ಮಾತೆಲ್ಲ ಹೊರಗೆ ಬರುತ್ತಿತ್ತು.

"ಬಿಡೇ, ಕಚಗುಳಿ ಆಗ್ತದೆ!"

"ಒಂದ್ ನಿಮಿಷ ಅಲ್ಲಾಡ್ಬೇಡಿ ಅಜ್ಜಿ."

"ಹದಿಮೂರು ವರ್ಷದಲ್ಲಿ ಮುಳ್ಳು ಕುಟ್ಟುವಾಗ ನಾಲ್ಕು ಜನ ನನ್ನ ಹಿಡ್ಕೊಂಡಿದ್ರು. ನೀನೊಬ್ಬಳೇ ಪೆನ್ಸಿಲ್ ಹಿಡ್ಕೊಂಡು ಬಂದಿದೀಯ. ಹೊರಗೆ ಕೂತವ್ನಲ್ಲ, ಅವನನ್ನ ಕರೀಲಾ ಕಾಲು ಹಿಡಿಯೋಕೆ?"

ಒಳಗೆ ನಗು. ಹೊರಗೆ ನಾನು ಕಿವಿ ಕೆಂಪಗೆ ಮಾಡಿಕೊಂಡು ಹಲಸಿನ ಎಲೆ ಎಣಿಸುತ್ತಿದ್ದೆ.

ಅವಳ ಕೆಲಸ ನೋಡಲು ಸುಲಭ, ಮಾಡಲು ಬೇಸರ. ಒದ್ದೆ ಬಟ್ಟೆಯಲ್ಲಿ ಚರ್ಮ ಒರೆಸಿ, ಎಣ್ಣೆಕಾಗದ ಹಾಸಿ, ಕೆಳಗೆ ಕಾಣುವ ಗೆರೆಯ ಮೇಲೆ ಪೆನ್ಸಿಲ್ ಎಳೆಯುವುದು. ಎಂಬತ್ತು ವರ್ಷದ ಕೆನ್ನೆಯಲ್ಲಿ ಗೆರೆ ಹೊರಗೆಲ್ಲಿರುತ್ತದೆ? ಮಡಿಕೆಯೊಳಗೆ ಅಡಗಿರುತ್ತದೆ. ಎರಡು ಬೆರಳಲ್ಲಿ ಮಡಿಕೆ ಬಿಡಿಸಿ, ಹಿಡಿದು, ಬೆರಳಗಲದಷ್ಟು ಬರೆದು, ಮತ್ತೆ ಪಕ್ಕದ ಮಡಿಕೆ. ಒಬ್ಬಳಿಗೆ ಒಂದು ಇಡೀ ದಿನ. ಸಂಜೆ ಹೊರಗೆ ಬರುವಾಗ ಅಕ್ಕನ ಸೊಂಟ ನೆಟ್ಟಗಾಗುತ್ತಿರಲಿಲ್ಲ.

ಅಕ್ಕ ಹುಟ್ಟಿದ್ದು ಬಾವೊಮೆಂಗಿನಲ್ಲಿ, ಹಚ್ಚೆ ನಿಂತುಹೋದ ಮೇಲೆ. ಅವಳ ಅವ್ವನ ಮುಖದ ತುಂಬ ಗೆರೆ, ಅವಳದು ಬರೀ ಮುಖ. ಮಾಧ್ಯಮಿಕ ಶಾಲೆ ಮುಗಿಸಿದ್ದಕ್ಕೆ ನಮ್ಮೂರಿನ ಸಂಸ್ಕೃತಿ ಭವನದಲ್ಲಿ ಕೆಲಸ ಸಿಕ್ಕಿತು. ಸಿನಿಮಾ ಯಂತ್ರ ತಿರುಗಿಸುವುದು, ಗೋಡೆಗೆ ಘೋಷಣೆ ಬರೆಯುವುದು, ವಾಲಿಬಾಲಿಗೆ ಗಾಳಿ ತುಂಬುವುದು. ಎಂಬತ್ನಾಲ್ಕನೆಯ ಇಸವಿಯಲ್ಲಿ ಮೇಲಿನಿಂದ ಒಂದು ಕಟ್ಟು ಫಾರಂ ಬಂತು, ಹಚ್ಚೆ ಇರುವ ಮುದುಕಿಯರ ವಿವರ ಬರೆದು ಕಳಿಸಿ ಎಂದು. ಭವನದಲ್ಲಿದ್ದ ಗಂಡಸರು ಮೂವರೂ ಅವಳ ಕಡೆ ನೋಡಿದರು. ಅವಳಿಗೆ ಆಗ ಇಪ್ಪತ್ತೆಂಟು. ಎರಡು ತಿಂಗಳ ಕೆಲಸ ಎಂದುಕೊಂಡಳು ಪಾಪ.

ಫಾರಂನಲ್ಲಿ ಐದು ಖಾನೆ ಇತ್ತು: ಕ್ರಮಸಂಖ್ಯೆ, ಹೆಸರು, ವಯಸ್ಸು, ಊರು, ಚಿತ್ರ. ಮನೆತನಕ್ಕೆ ಖಾನೆ ಇರಲಿಲ್ಲ. ಇದ್ದರೂ ತುಂಬುವವರು ಯಾರು? ಮನೆತನದ ಹೆಸರೆಂದರೆ ಸತ್ತ ಹಿರಿಯರ ಹೆಸರು, ನಮ್ಮಲ್ಲಿ ಅದು ಬಾಯಲ್ಲಿ ಬರಬಾರದು. ಹೆಸರು ಹಿಡಿದರೆ ಅವರು ಎದ್ದು ಬರುತ್ತಾರೆ. ಇನ್ನೊಬ್ಬರ ಹಿರಿಯರ ಹೆಸರು ಎತ್ತಿದರೆ ಮಚ್ಚು ಹೊರಗೆ ಬರುತ್ತದೆ. ಯಾವ ಮುದುಕಿಯನ್ನೂ "ನೀವು ಯಾರ ಪೈಕಿ?" ಎಂದು ಕೇಳುವ ಹಾಗಿಲ್ಲ. ಮರ್ಯಾದಸ್ಥ ಹುಡುಗಿ, ಕೇಳಲಿಲ್ಲ. ಪಡಿತರ ಪುಸ್ತಕದಲ್ಲಿದ್ದ ಊರಿನ ಹೆಸರು ನಕಲು ಮಾಡಿದಳು. ಆಮೇಲೆ ಬೇರೆ ಉಪಾಯ ಹುಡುಕಿಕೊಂಡಳು. "ಹಬ್ಬಕ್ಕೆ ನಿಮ್ಮ ತವರಿನ ಕೋಳಿ ಯಾವ ಕಡೆಯಿಂದ ಬರ್ತದೆ ಅಜ್ಜಿ?" ಎಂದು ಕೇಳಿದರೆ ಅವರು ಗದ್ದವೆತ್ತಿ ದಿಕ್ಕು ತೋರಿಸುತ್ತಿದ್ದರು. ಆದರೆ ಆ ಉಪಾಯ ಹೊಳೆಯುವಷ್ಟರಲ್ಲಿ ಮೊದಲ ಅರವತ್ತು ಹಾಳೆ ಮುಗಿದಿದ್ದವು, ಅವುಗಳ ಮುದುಕಿಯರೂ ಒಬ್ಬೊಬ್ಬರೇ ಮುಗಿದಿದ್ದರು.

ಮನೆತನ ಏಕೆ ಅಷ್ಟು ಮುಖ್ಯ ಎಂದರೆ, ಗೆರೆ ಅಪ್ಪನ ಮನೆಯದು. ಗಂಡನ ಮನೆಯಲ್ಲಿ ಐವತ್ತು ವರ್ಷ ಬಾಳಿದರೂ ಹೆಂಗಸು ಸತ್ತಾಗ ತವರಿನ ಮಣ್ಣಿಗೇ ವಾಪಸು. ಅಲ್ಲಿ ಹಿರಿಯರು ಮುಖ ನೋಡಿ "ನಮ್ಮವಳು" ಎಂದರೆ ಒಳಗೆ. ಇಲ್ಲವೆಂದರೆ ಕಾಡು ಕಾಡು ಅಲೆಯಬೇಕು. ಹಚ್ಚೆ ಇಲ್ಲದೆ ಸತ್ತವಳಿಗೆ ಮರದ ಪೆಟ್ಟಿಗೆ ಮುಚ್ಚುವ ಮೊದಲು ಇದ್ದಿಲಿನಲ್ಲಾದರೂ ಮನೆಯ ಗೆರೆ ಬರೆದು ಕಳಿಸುತ್ತೇವೆ. ಗೆರೆ ನೆನಪಿದ್ದವರು ಸತ್ತುಹೋದಂತೆ ಊರೂರಿನ ಜನ ಅಕ್ಕನ ಬಾಗಿಲಿಗೆ ಬರತೊಡಗಿದರು. ಸರ್ಕಾರಕ್ಕೆಂದು ಬರೆದ ಹಾಳೆಗಳು ಹೀಗೆ ಹೆಣದ ಮನೆಗಳಿಗೆ ಕೆಲಸಕ್ಕೆ ಬಂದವು. ಏಳು ಜನರಿಗೆ ಅವಳೇ ಕೈಯಾರೆ ಬರೆದಳು.

ಅವಳ ಗಂಡ ಇದನ್ನೆಲ್ಲ ಆರು ವರ್ಷ ಸಹಿಸಿದ. "ಊರೂರು ಮುದುಕೀರ ತೊಡೆ ನೋಡ್ಕೊಂಡು ತಿರುಗೋಳು ನನಗೆ ಬೇಡ" ಎಂದು ಸಾನ್ಯಾ ಪಟ್ಟಣದ ಕಡೆ ಹೋದವನು ಬರಲಿಲ್ಲ. ಅವಳು ಅದಕ್ಕೆ ಅತ್ತದ್ದನ್ನು ನಾನು ಕಂಡಿಲ್ಲ. ಒಮ್ಮೆ ಬೈಕಿನಲ್ಲಿ, "ಅವನ ತೊಡೆ ನೋಡೋ ಹಾಗಿರಲಿಲ್ಲ ಬಿಡು" ಎಂದಳು. ನಗು ತಡೆಯಲಾರದೆ ಬೈಕು ಚರಂಡಿಗೆ ಇಳಿಸಿದ್ದೆ.

ಈಗ ಹೆದ್ದಾರಿ ಪಕ್ಕ ಪ್ರವಾಸಿಗರಿಗೆಂದೇ ಒಂದು ಊರು ಕಟ್ಟಿದ್ದಾರೆ. ಅಲ್ಲಿ ಹಚ್ಚೆಯ ಸ್ಟಿಕ್ಕರ್ ಅಂಟಿಸಿಕೊಂಡು ಹುಡುಗಿಯರು ಕುಣಿಯುತ್ತಾರೆ, ಸ್ನಾನ ಮಾಡಿದರೆ ಹೋಗುತ್ತದೆ. ಯಾವ ಮನೆಯ ಗೆರೆ ಎಂದು ಕೇಳಿದರೆ ಕಂಪನಿ ಕೊಟ್ಟದ್ದು ಎನ್ನುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ, ಅಕ್ಕನಿಗೆ ಉರಿಯುತ್ತಿರಲಿಲ್ಲ. ಅವಳಿಗೆ ಉರಿಯುವಷ್ಟು ಶಕ್ತಿ ಮಿಕ್ಕಿರುತ್ತಿರಲಿಲ್ಲ.

ನನ್ನ ಅವ್ವನ ವಿಷಯ ಹೇಳಬೇಕು. ಅವಳ ತವರು ಫಾನ್‌ಲೋ. ಅವಳಿಗೆ ಹನ್ನೆರಡು ತುಂಬಿದ ವರ್ಷವೇ ಹಚ್ಚೆ ನಿಂತದ್ದು. ಮುಳ್ಳು, ಬಣ್ಣ ಎಲ್ಲ ತಯಾರಾಗಿ, ಹಬ್ಬಕ್ಕೆ ಕೋಳಿಯನ್ನೂ ಕಟ್ಟಿಹಾಕಿದ್ದರಂತೆ. ಅಷ್ಟರಲ್ಲಿ ಅಧಿಕಾರಿಗಳು ಸಭೆ ಸೇರಿಸಿ ಇನ್ನು ಮೇಲೆ ಇದೆಲ್ಲ ಕೂಡದು ಎಂದರು. ಕೋಳಿ ತಿಂದರು, ಹಚ್ಚೆ ಹಾಕಲಿಲ್ಲ. ಅವಳ ಅಕ್ಕಂದಿರಿಬ್ಬರ ಮುಖದಲ್ಲಿ ಗೆರೆ, ಇವಳದು ಬರಿದು. ಅವ್ವ ಬದುಕಿದಷ್ಟು ದಿನ ಕನ್ನಡಿ ನೋಡಿದವಳಲ್ಲ. ಅಕ್ಕಂದಿರು ಕಣ್ಣು ಮುಚ್ಚಿದ್ದೂ ಹೊಳೆಯಾಚೆ ಎಲ್ಲೋ, ನಾನು ಅವರ ಮುಖ ಸರಿಯಾಗಿ ನೋಡಿದ್ದಿಲ್ಲ.

ಎರಡು ಸಾವಿರದ ಆರರಲ್ಲಿ ಅವ್ವ ಹಾಸಿಗೆ ಹಿಡಿದಳು, ಕಣ್ಣೂ ಕಾಣದಾಗಿತ್ತು. ಅವಳಿಗೆ ನೋವಿನ ಭಯವಿರಲಿಲ್ಲ, ಇದ್ದ ಭಯ ಒಂದೇ.

"ಬರೀ ಮುಖದಲ್ಲಿ ಕಳಿಸ್ಬೇಡ ಕಣಪ್ಪ. ಅಲ್ಲಿ ಯಾರು ನೀನು ಅಂತ ಕೇಳಿದ್ರೆ ನಾನೇನು ಹೇಳ್ಲಿ?"

"ಸುಲಿಂಗ್ ಅಕ್ಕ ಇದಾಳಲ್ಲವ್ವ. ಅವಳ ಹತ್ರ ಹಾಳೆ ಐತೆ."

"ನೋಡಿ ಬರೀಬೇಕು ಅಂತ ಹೇಳು. ಅರ್ಜೆಂಟು ಮಾಡೋದು ಬೇಡ."

ಅವ್ವ ಹೋದ ಮೇಲೆ ಫಾನ್‌ಲೋಗೆ ಸಾಗಿಸಿದೆವು. ಮನೆಯ ಗೆರೆ ನೆನಪಿದ್ದವರು ಅಲ್ಲಿ ಯಾರೂ ಉಳಿದಿರಲಿಲ್ಲ. ಸುಲಿಂಗ್ ಅಕ್ಕ ಹಾಳೆಗಳ ಕಟ್ಟು ಬಿಚ್ಚಿ, ಫಾನ್‌ಲೋ ಎಂದು ಬರೆದಿದ್ದ, ಆಗ ಇದ್ದ ಒಂದೇ ಹಾಳೆ, ಹದಿನೆಂಟನೆಯದನ್ನು ತೆಗೆದುಕೊಂಡು ಒಳಗೆ ಹೋದಳು. ಎರಡು ಗಂಟೆ ಹೊತ್ತು. ಮುಚ್ಚುವ ಮೊದಲು ನನ್ನನ್ನು ಕರೆದು ತೋರಿಸಿದಳು. ಎರಡೂ ಕೆನ್ನೆಯ ಮೇಲೆ ಕಿವಿಯಿಂದ ತುಟಿಯ ತುದಿಗೆ ಮೂರು ಮೂರು ಗೆರೆ, ನಡುವೆ ಚುಕ್ಕಿಗಳ ಸಾಲು. ಒಂದೂ ಸೊಟ್ಟಗಿರಲಿಲ್ಲ.

"ಚೆನ್ನಾಗಿ ಬಂದಿದೆ ಕಣೋ. ನಿಮ್ಮವ್ವ ಸೀದಾ ಹೋಗಿ ಒಲೆ ಮುಂದೆ ಕೂತ್ಕೋತಾಳೆ ನೋಡು."

ನನಗೆ ಎಷ್ಟು ನೆಮ್ಮದಿಯಾಯಿತೆಂದರೆ, ಅವ್ವನನ್ನು ಕಳೆದುಕೊಂಡವನು ಆ ವಾರವೆಲ್ಲ ಕಲ್ಲಿನಂತೆ ನಿದ್ದೆ ಮಾಡಿದೆ.

ಏಳು ವರ್ಷದ ನಂತರ ಹಾಳೆಗಳನ್ನು ಪುಸ್ತಕ ಮಾಡುತ್ತೇವೆ ಎಂದು ಜಿಲ್ಲೆಯಿಂದ ಹೇಳಿಕಳಿಸಿದರು. ಅಷ್ಟರಲ್ಲಿ ಅಕ್ಕ ನಿವೃತ್ತಳಾಗಿದ್ದಳು, ಮಂಡಿ ಕೆಟ್ಟಿತ್ತು, ಹಾಳೆ ಇನ್ನೂರ ಹನ್ನೊಂದಾಗಿತ್ತು. ಅಚ್ಚಿಗೆ ಕೊಡುವ ಮೊದಲು ಒಮ್ಮೆ ಪಾಯ್‌ಲೂನ್ ಅಜ್ಜಿಗೆ ತೋರಿಸೋಣ ಎಂದಳು. ಪಾಯ್‌ಲೂನ್ ಅಜ್ಜಿಗೆ ತೊಂಬತ್ಮೂರು. ಅವಳ ಅವ್ವ ಊರೂರಿಗೆ ಹೋಗಿ ಹಚ್ಚೆ ಹೊಯ್ಯುತ್ತಿದ್ದವಳು. ಇವಳು ಬಣ್ಣದ ಬಟ್ಟಲು ಹಿಡಿದುಕೊಂಡು ಜೊತೆಗೆ ಹೋಗುತ್ತಿದ್ದವಳು. ಹಳೆಯದನ್ನೆಲ್ಲ ನಾಶಮಾಡಿ ಎಂದ ಗಲಾಟೆಯ ಕಾಲದಲ್ಲಿ ಅವಳ ಕತ್ತಿಗೆ ಆ ಮುಳ್ಳುಗಳನ್ನೇ ಕಟ್ಟಿ ಜನರೆದುರು ಬೆಂಚಿನ ಮೇಲೆ ನಿಲ್ಲಿಸಿದ್ದರಂತೆ. ಅಂದಿನಿಂದ ಹಚ್ಚೆಯ ಬಗ್ಗೆ ಯಾರು ಏನು ಕೇಳಿದರೂ ಒಂದೇ ಉತ್ತರ, "ಮರ್ತೋಯ್ತು." ಮೂವತ್ತು ವರ್ಷದಲ್ಲಿ ಅಕ್ಕ ಹನ್ನೆರಡು ಸಲ ಹೋಗಿ ಹನ್ನೆರಡು "ಮರ್ತೋಯ್ತು" ತಂದಿದ್ದಳು.

ಅವತ್ತು ಏನನ್ನಿಸಿತೋ. ಜಗಲಿಯ ಮೇಲೆ ಅಕ್ಕ ಕಟ್ಟು ಬಿಚ್ಚಿ ಮುಖದ ಹಾಳೆಗಳನ್ನಷ್ಟೇ ಹರಡಿದಳು. ಅಜ್ಜಿ ಒಂದನ್ನು ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದಳು, ಮೂಸಿದಳು, ನಕ್ಕಳು. ಹಾಳೆಯನ್ನು ಎಡಕ್ಕೆ ಇಟ್ಟಳು. ಇನ್ನೊಂದನ್ನು ಬಲಕ್ಕೆ. ಮತ್ತೊಂದನ್ನು ಮೊದಲಿನದರ ಮೇಲೆ. ಮನೆತನ ಮನೆತನವಾಗಿ ರಾಶಿ ಹಾಕುತ್ತಿದ್ದಾಳೆ ಎಂದು ತಿಳಿಯಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು. ಹೆಸರೆತ್ತುವ ಅಗತ್ಯವೇ ಇಲ್ಲ! ಹಾಳೆ ಹಾರದಂತೆ ರಾಶಿಗಳ ಮೇಲೆ ಕೈಗೆ ಸಿಕ್ಕಿದ್ದನ್ನು ಹೇರಿದಳು, ಒಂದರ ಮೇಲೆ ಕಲ್ಲು, ಒಂದರ ಮೇಲೆ ಗೆಣಸು, ಒಂದರ ಮೇಲೆ ಮೊಮ್ಮಗನ ಚಪ್ಪಲಿ. ಅಕ್ಕ ಸಣ್ಣ ಹುಡುಗಿಯ ಹಾಗೆ ಕೈ ತಟ್ಟಿಕೊಂಡು ನನ್ನ ಕಡೆ ನೋಡಿದಳು. ಅವಳು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಅದೂ ಕಾಲು ಗಂಟೆ.

ಹದಿನೆಂಟನೆಯ ಹಾಳೆ ಚಪ್ಪಲಿಯ ರಾಶಿಗೆ ಹೋಯಿತು. ಫಾನ್‌ಲೋದ ಇನ್ನೊಂದು ಹಾಳೆ, ಅವ್ವ ಹೋದ ಮೇಲೆ ಬರೆದದ್ದು, ಗೆಣಸಿನ ರಾಶಿಗೆ.

"ಅಜ್ಜಿ, ಇವೆರಡೂ ಒಂದೇ ಊರಿನವು," ಎಂದಳು ಅಕ್ಕ.

"ಊರಿಗೆ ಹಚ್ಚೆ ಹಾಕ್ತಾರೇನೇ? ಮನೆಗೆ ಹಾಕೋದು. ಇವಳು ಕೆಳಹೊಳೆಯೋಳು. ಹದಿನಾರಕ್ಕೇ ಫಾನ್‌ಲೋಗೆ ಮದ್ವೆಯಾಗಿ ಬಂದ್ಳು. ಗಂಡನ ಮನೆಗೆ ಬರುವಾಗ ಹಚ್ಚೆ ಕಳಚಿಟ್ಟು ಬರ್ತಾಳಾ? ಇವಳಿಗೆ ಕುಟ್ಟಿದ್ದು ನಮ್ಮವ್ವ, ಬಟ್ಟಲು ಹಿಡಿದಿದ್ದು ನಾನು." ಆಮೇಲೆ ನನ್ನ ಕಡೆ ತಿರುಗಿ ಗದ್ದದಲ್ಲೇ ಗೆಣಸು ತೋರಿಸಿದಳು. "ನಿಮ್ಮವ್ವನ ಕಡೆಯೋರು ಇಲ್ಲಿ ಅವ್ರೆ ನೋಡು."

ನೋಡಿದೆ. ಮೂರು ಗೆರೆಯಲ್ಲ, ಎರಡು. ಚುಕ್ಕಿಯಲ್ಲ, ಸಣ್ಣ ಸಣ್ಣ ಚೌಕ.

ಅಕ್ಕ ಹಾಳೆಗಳನ್ನು ಕಟ್ಟಿದ್ದು ಹೇಗೋ, ಬೈಕು ಹತ್ತಿದ್ದು ಹೇಗೋ. ಇಳಿಜಾರಿನ ನಡುವೆ ನಾನು ಬ್ರೇಕು ಒತ್ತಿದೆ.

"ನಮ್ಮವ್ವನ್ನ ಎಲ್ಲಿಗೆ ಕಳಿಸ್ದೆ ಅಕ್ಕ?"

"ಗೊತ್ತಿಲ್ಲ ಕಣೋ."

"ನೋಡಿ ಬರೀಬೇಕು ಅಂದಿದ್ಳು. ಅರ್ಜೆಂಟು ಬೇಡ ಅಂದಿದ್ಳು."

"ನೋಡೇ ಬರ್ದೆ. ನೋಡಿದ್ದೇ ತಪ್ಪಿತ್ತಲ್ಲೋ."

ಮನೆಗೆ ಬಿಟ್ಟು ಬಂದೆ. ಆಮೇಲೆ ಒಂದು ವರ್ಷ ಎರಡು ತಿಂಗಳು ಅವಳ ಜೊತೆ ಮಾತಾಡಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಅವ್ವ ಕಾಣುತ್ತಿದ್ದಳು. ಫಾನ್‌ಲೋದ ಹಿರಿಯರು ಮುಖ ನೋಡಿ ನಮ್ಮವಳಲ್ಲ ಎಂದಿರುತ್ತಾರೆ. ಕೆಳಹೊಳೆಯವರು ಗೆರೆ ನೋಡಿ ನಮ್ಮವಳೇ ಎಂದು ಕರೆದಿರುತ್ತಾರೆ. ನಿಮ್ಮಪ್ಪ ಯಾರು ಎಂದು ಕೇಳಿದಾಗ ಬೆಬ್ಬೆಬ್ಬೆ ಎಂದಿರುತ್ತಾಳೆ. ಮೊದಲೇ ಹೆದರುಪುಕ್ಕಲಿ. ಯಾರದೋ ಹೊಸಿಲಾಚೆ ಏಳು ವರ್ಷದಿಂದ ನಿಂತಿದ್ದಾಳೆ ಎಂದುಕೊಂಡರೆ ಊಟದ ತಟ್ಟೆ ಬಿಟ್ಟು ಏಳುತ್ತಿದ್ದೆ.

ಅವ್ವನನ್ನು ತವರಿಗೆ ವಾಪಸು ಕರೆಸಬಹುದೇ ಎಂದು ಭೂತದ ಪೂಜೆಯವನನ್ನು ಕೇಳಿದೆ. ಮಾಡಬಹುದು, ಆದರೆ ತವರುಮನೆಯ ಗಂಡಸೊಬ್ಬ ಗೋರಿಯ ಮುಂದೆ ನಿಂತು ಹಿರಿಯರನ್ನು ಹೆಸರು ಹಿಡಿದು ಕರೆಯಬೇಕು ಎಂದ. ಸೋದರಮಾವ ಸತ್ತಿದ್ದ. ಅವನ ಮಗ ಹೈಕೌನಲ್ಲಿ ಲಾರಿ ಓಡಿಸುತ್ತಾನೆ. ಫೋನು ಮಾಡಿದೆ.

"ಬರೋದಕ್ಕೇನು ಬಾವ, ಬರ್ತೀನಿ. ಆದ್ರೆ ನಂಗೆ ಹೆಸರುಗಳೇ ಗೊತ್ತಿಲ್ವಲ್ಲ. ಹೇಳಬಾರದು ಅಂತ ಯಾರೂ ಹೇಳ್ಲೇ ಇಲ್ಲ."

ಅಲ್ಲಿಗೆ ಆ ಬಾಗಿಲೂ ಮುಚ್ಚಿತು.

ಈ ನಡುವೆ ಪುಸ್ತಕ ಅಚ್ಚಾಯಿತು. ಊರಿನ ಖಾನೆ ತೆಗೆದುಹಾಕಿ, ರಾಶಿಯ ಪ್ರಕಾರ ಜೋಡಿಸಿ ಎಂದು ಅಕ್ಕ ಕಚೇರಿಗೆ ಅಲೆದಳಂತೆ. ಪುಟಗಳೆಲ್ಲ ಜೋಡಿಸಿಯಾಗಿದೆ, ಮುಂದಿನ ಮುದ್ರಣದಲ್ಲಿ ನೋಡೋಣ ಎಂದರಂತೆ. ದಪ್ಪ ರಟ್ಟು, ನುಣುಪು ಕಾಗದ, ಮೊದಲ ಪುಟದಲ್ಲಿ ಯಾರದೋ ಭಾಷಣ, ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಅವಳ ಹೆಸರು. ಅವಳು ಬರೆದುಕೊಟ್ಟ ಏಳು ಜನರಲ್ಲಿ ಆರು ಜನರ ಗೆರೆ ಸರಿಯಿತ್ತು, ನಮ್ಮವ್ವನದು ಮಾತ್ರ ತಪ್ಪಿತ್ತು. ಇದನ್ನು ಅವಳು ಉಳಿದ ಆರೂ ಮನೆಗೆ ನಡೆದುಹೋಗಿ ಹೇಳಿಬಂದಳು ಎಂದು ನನ್ನ ಹೆಂಡತಿ ಹುಯಿಪಿಂಗ್‌ಗೆ ಯಾರೋ ಹೇಳಿದರು.

"ನಡೆದುಹೋದ್ಲಂತೆ. ಆ ಮಂಡಿ ಇಟ್ಕೊಂಡು," ಎಂದಳು ಹುಯಿಪಿಂಗ್.

"ಹೋಗ್ಲಿ."

"ಮಾತು ಬಿಡೋಕೆ ಪೆಟ್ರೋಲ್ ಬೇಕಾಗಿಲ್ಲ. ಆದ್ರೂ ಸುಸ್ತಾಗಿರೋನು ನೀನೇ. ಮುಖ ನೋಡ್ಕೋ ಒಂದ್ಸಲ."

ಒಂದು ದಿನ ರಬ್ಬರ್ ಹಾಲು ಹಾಕಿ ಬರುವಾಗ ಅಕ್ಕ ರಸ್ತೆಯ ಪಕ್ಕದಲ್ಲಿ ಕುಂಟಿಕೊಂಡು ಹೋಗುತ್ತಿದ್ದಳು. ಒಂದು ಕೈಯಲ್ಲಿ ಅನ್ನದ ಅಂಟಿನ ಡಬ್ಬಿ, ಇನ್ನೊಂದರಲ್ಲಿ ಚೀಟಿಗಳ ಕಟ್ಟು. ದಾಟಿ ಹೋದೆ. ಇಪ್ಪತ್ತು ಮಾರು ಹೋಗಿ ನಿಲ್ಲಿಸಿದೆ. ಹಿಂದೆ ತಿರುಗಲಿಲ್ಲ. ಬೈಕು ಭಾರವಾದಾಗ ಹತ್ತಿದಳು ಎಂದು ತಿಳಿಯಿತು.

"ಎಲ್ಲಿಗೆ?"

"ಶಾಲೆಗೆ. ಅಲ್ಲಿ ಎರಡು ಪ್ರತಿ ಇದೆಯಂತೆ."

ಅವಳು ಚೀಟಿ ಅಂಟಿಸುತ್ತಿದ್ದಳು. ಒಂದೊಂದು ಚೀಟಿಯಲ್ಲೂ "ಈ ಗೆರೆ ಈ ಊರಿನ ಮನೆಯದಲ್ಲ" ಎಂದು ಕೈಯಲ್ಲೇ ಬರೆದು, ಮನೆತನದ ಹೆಸರು ಬರೆಯುವಂತಿಲ್ಲವಲ್ಲ, ಪಕ್ಕದಲ್ಲಿ ರಾಶಿಯ ಗುರುತು ಹಾಕಿದ್ದಳು: ಒಂದು ಸಣ್ಣ ಕಲ್ಲು, ಗೆಣಸು, ಚಪ್ಪಲಿ. ಇಪ್ಪತ್ತಾರು ಹಾಳೆ ತಪ್ಪು, ಪ್ರತಿ ಪುಸ್ತಕಕ್ಕೂ ಇಪ್ಪತ್ತಾರು ಚೀಟಿ.

"ಮುಂದೆ ಯಾವನಾದ್ರೂ ಪ್ರೊಫೆಸರ್ ಬಂದು ಲೀ ಜನರಲ್ಲಿ ಚಪ್ಪಲಿ ಕುಲ ಅಂತ ಒಂದಿತ್ತು ಅಂತ ಬರೀತಾನೆ," ಎಂದೆ. ಹದಿನಾಲ್ಕು ತಿಂಗಳ ಮೇಲೆ ನಾನು ಅವಳಿಗೆ ಹೇಳಿದ ಮೊದಲ ಉದ್ದದ ಮಾತು ಅದು.

"ಬರೀಲಿ ಬಿಡು," ಎಂದಳು. ಬೆನ್ನ ಹಿಂದೆ ಅಳುತ್ತಿದ್ದಳೋ ನಗುತ್ತಿದ್ದಳೋ, ನಾನು ನೋಡಲಿಲ್ಲ.

ನಾಲ್ಕು ವರ್ಷ ಅದೇ ಕೆಲಸ. ಶಾಲೆ, ಗ್ರಂಥಾಲಯ, ಹಳ್ಳಿಯ ಸಭಾಭವನ, ಪುಸ್ತಕವನ್ನು ಗಾಜಿನ ಬೀರುವಿನಲ್ಲಿಟ್ಟು ಬ್ರಾಂದಿ ಬಾಟಲಿಯನ್ನು ಅದರ ಮೇಲಿಟ್ಟ ಮುಖಂಡರ ಮನೆ. ಕೆಲವರು ಒಳ್ಳೆಯ ಪುಸ್ತಕ ಹಾಳು ಮಾಡುತ್ತಾಳೆ ಎಂದು ಬೈದರು. ದ್ವೀಪ ಬಿಟ್ಟು ಹೋದ ಪ್ರತಿಗಳು ಎಷ್ಟೋ, ಅವುಗಳ ತಂಟೆಗೆ ಹೋಗೋಣವೆಂದರೆ ನನ್ನ ಬೈಕಿಗೆ ಸಮುದ್ರ ದಾಟಲು ಬರುತ್ತಿರಲಿಲ್ಲ. ಪಾಯ್‌ಲೂನ್ ಅಜ್ಜಿಯೂ ಅಷ್ಟರಲ್ಲಿ ತೀರಿಕೊಂಡಳು. ನನಗೆ ಸಾಕಾಗಿತ್ತು. ಅಕ್ಕನಿಗೆ ಸಾಕಾಗಿ ಎಷ್ಟೋ ವರ್ಷವಾಗಿತ್ತು, ಆದರೆ ಅವಳು ನಿಲ್ಲುವ ಜಾತಿಯಲ್ಲ.

ಕೊನೆಗೆ ಹೊಟ್ಟೆಯ ಗಡ್ಡೆ ಅವಳನ್ನು ನಿಲ್ಲಿಸಿತು. ನೋಡಿಕೊಳ್ಳಲು ಯಾರೂ ಇರಲಿಲ್ಲವಾದ್ದರಿಂದ ಹುಯಿಪಿಂಗ್ ಹಗಲೆಲ್ಲ ಅಲ್ಲೇ ಇರುತ್ತಿದ್ದಳು. ಒಂದು ಮಧ್ಯಾಹ್ನ ನಾನು ಮೀನಿನ ಉಪ್ಪಿನಕಾಯಿ ತೆಗೆದುಕೊಂಡು ಹೋದಾಗ ಅಕ್ಕ ಗಂಜಿಯ ಬಟ್ಟಲು ಆಚೆ ತಳ್ಳಿ ಹೇಳಿದಳು.

"ನಂದೂ ಬರೀ ಮುಖ. ಹುಯಿಪಿಂಗ್, ನೀನು ಬರೀಬೇಕು. ನಿನ್ನ ಕೈ ಚೆನ್ನಾಗಿದೆ, ಕಸೂತಿ ಹಾಕಿದ ಕೈ."

"ಬರೀತೀನಿ ಅಕ್ಕ. ಈಗ ಗಂಜಿ ಕುಡಿ," ಎಂದಳು ಹುಯಿಪಿಂಗ್.

"ನಿನ್ನ ಹಾಳೆ ನಲವತ್ಮೂರು ತಾನೇ?" ಎಂದೆ ನಾನು. ನಲವತ್ಮೂರು ಅಕ್ಕನ ಅಪ್ಪನ ತಂಗಿಯ ಮುಖ. ಅದೊಂದರಲ್ಲಿ ತಪ್ಪಿರಲು ಸಾಧ್ಯವೇ ಇಲ್ಲ.

"ಅದು ಬೇಡ. ಹದಿನೆಂಟು ಬರೀರಿ."

ನನಗೆ ಸಿಟ್ಟು ಬಂತು. "ತಲೆ ಕೆಟ್ಟಿದೆಯಾ? ಕೆಳಹೊಳೆಯೋರಲ್ಲಿ ನಿನಗ್ಯಾರಿದಾರೆ?"

"ನಿಮ್ಮವ್ವ ಇದಾಳಲ್ಲೋ."

ಹುಯಿಪಿಂಗ್ ಬಟ್ಟಲು ಕೆಳಗಿಟ್ಟಳು.

"ಅದೇ ಗೆರೆ ಇದ್ರೆ ಅದೇ ಬಾಗಿಲಿಗೆ ಹೋಗ್ತೀನಿ," ಎಂದಳು ಅಕ್ಕ. "ಅಲ್ಲೇ ಎಲ್ಲೋ ಮೂಲೇಲಿ ನಿಂತಿರ್ತಾಳೆ. ನಂಗೆ ದಾರಿ ಗೊತ್ತು, ಈ ಬೆಟ್ಟದ ಮನೆಮನೆ ಗೊತ್ತು. ಕೈ ಹಿಡ್ಕೊಂಡು ಫಾನ್‌ಲೋಗೆ ಬಿಡ್ತೀನಿ. ತಪ್ಪು ಇವಳದಲ್ಲ, ನಂದು ಅಂತ ಹೇಳ್ತೀನಿ."

"ಆಮೇಲೆ ನೀನು ಎಲ್ಲಿಗೆ ಹೋಗ್ತೀಯ? ನಿನ್ನನ್ನ ಯಾರು ಒಳಗೆ ಕರೀತಾರೆ?"

"ಆಮೇಲಿನದು ಆಮೇಲೆ. ಊರೂರು ಅಲೆಯೋದು ನಂಗೇನು ಹೊಸದಾ?"

ನಾನು ಎದ್ದು ಹೊರಗೆ ಬಂದೆ. ಬೇಡ ಎನ್ನಲು ಬಾಯಿ ಬರಲಿಲ್ಲ, ಹೂಂ ಎನ್ನಲು ಮುಖವಿರಲಿಲ್ಲ. ಒಳಗೆ ಅಕ್ಕ ಹುಯಿಪಿಂಗ್‌ಳನ್ನು ಏನೋ ಕೇಳುತ್ತಿದ್ದುದು, ಇವಳು ಕೊನೆಗೆ ಹೂಂ ಎಂದದ್ದು ಕೇಳಿಸಿತು.

ಹನ್ನೊಂದು ದಿನದ ಮೇಲೆ ಅಕ್ಕ ಹೋದಳು. ಬಾವೊಮೆಂಗಿನಿಂದ ಅವಳ ತಮ್ಮನ ಮಗ ಜಿಯಾನ್ ಬಂದು ದೇಹವನ್ನು ತವರಿಗೆ ಸಾಗಿಸಿದ. ತಮ್ಮ ಎಂದೋ ಸತ್ತಿದ್ದ. ಅಂಗಳದಲ್ಲಿ ಗಂಡಸರು ಬಿದಿರು ಸೀಳುತ್ತಿದ್ದರು, ಒಳಗೆ ಹೆಂಗಸರು ಮೈ ತೊಳೆಸುತ್ತಿದ್ದರು. ಅಲ್ಲಿದ್ದವರಲ್ಲಿ ಅಕ್ಕನ ಅಪ್ಪನ ಮನೆಯ ಗೆರೆ ಹೇಗಿರುತ್ತದೆ ಎಂದು ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಹುಯಿಪಿಂಗ್ ಇದ್ದಿಲು ತೇಯ್ದ ಬಟ್ಟಲು ಹಿಡಿದು ಹೊಸಿಲು ದಾಟುವಾಗ ಒಮ್ಮೆ ನನ್ನ ಮುಖ ನೋಡಿದಳು.

ಅಕ್ಕನ ಅಪ್ಪ ಮೂವತ್ತು ವರ್ಷದಿಂದ ಮಗಳ ದಾರಿ ನೋಡುತ್ತಿರುತ್ತಾನೆ. ಅವನ ಮಗಳೂ ಅವನ ಬಾಗಿಲಿಗೆ ಬರಬೇಕಲ್ಲ. ನನ್ನ ಅವ್ವನನ್ನು ತಪ್ಪಿ ಕಳಿಸಿದ್ದಾಯಿತು, ಇನ್ನೊಬ್ಬಳನ್ನು ತಿಳಿದೂ ತಿಳಿದೂ ಕಳಿಸುವುದೇ? ಗೋಡೆಯ ಹತ್ತಿರ ಹೋಗಿ ಒಳಗೆ ಕೇಳುವಂತೆ ಕೂಗಿದೆ.

"ನಲವತ್ಮೂರು ಕಣೇ! ನಲವತ್ಮೂರು!"



ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಹುಯಿಪಿಂಗ್ ಹೊರಗೆ ಬಂದಳು, ಮೊಣಕೈವರೆಗೆ ಮಸಿ. ನಾನು ತಂಬಿಗೆಯಲ್ಲಿ ನೀರು ಹುಯ್ದೆ.

"ನಲವತ್ಮೂರು ತಾನೇ?"

ಬಿದಿರು ಸೀಳುವವರ ಕಡೆ ನೋಡಿ ದನಿ ತಗ್ಗಿಸಿದಳು. "ಕೂಗ್ದೋನು ನೀನು. ಮಾತು ಕೊಟ್ಟೋಳು ನಾನು. ಹದಿನೆಂಟು ಬರ್ದಿದೀನಿ."

ಬೈಯಬೇಕಿತ್ತು. ಅಳಿಸಿ ಬೇರೆ ಬರಿ ಎನ್ನಬೇಕಿತ್ತು, ಇನ್ನೂ ಹೊತ್ತಿತ್ತು. ಅದರ ಬದಲು ನನ್ನ ಎದೆಯೊಳಗೆ ಎಷ್ಟೋ ವರ್ಷದಿಂದ ಹಿಡಿದುಕೊಂಡಿದ್ದ ಏನೋ ಸಡಿಲವಾಯಿತು. ಅವ್ವ ಇನ್ನು ಒಂಟಿಯಲ್ಲ. ಬಾಯಲ್ಲಿ ಒಂದು ಹಾಳೆ ಕೂಗಿ ಮನಸ್ಸಿನಲ್ಲಿ ಇನ್ನೊಂದು ಹಾಳೆ ಬೇಡಿಕೊಂಡಿದ್ದವನು ನಾನು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು, ಆದರೂ ಆ ಸಂತೋಷ ಹೋಗಲಿಲ್ಲ.

ಮುಚ್ಚುವ ಮೊದಲು ಮುಖ ನೋಡಲು ಕರೆದರು. ಜಿಯಾನ್ ನನ್ನ ಪಕ್ಕ ನಿಂತ. ಮೂರು ಮೂರು ಗೆರೆ, ನಡುವೆ ಚುಕ್ಕಿಗಳ ಸಾಲು, ಕಸೂತಿಯಷ್ಟು ನೇರ. ಅವನು ತುಂಬ ಹೊತ್ತು ನೋಡಿದ. ಕಣ್ಣೊರೆಸಿಕೊಂಡ. ಆಮೇಲೆ ಜೇಬಿನಿಂದ ಫೋನು ತೆಗೆದು ಬಗ್ಗಿ ಎರಡು ಫೋಟೊ ತೆಗೆದುಕೊಂಡ, ಒಂದು ಎಡಗೆನ್ನೆಯದು, ಒಂದು ಬಲಗೆನ್ನೆಯದು.

"ನಮ್ಮ ಮನೆ ಹೆಂಗಸರ ಗೆರೆ ನಾನು ನೋಡೇ ಇಲ್ಲ ಮಾಮ," ಎಂದ. "ಇದನ್ನ ದೊಡ್ಡದು ಮಾಡಿಸಿ ಮನೇಲಿ ಹಾಕ್ತೀನಿ. ನಾಳೆ ನನ್ನ ಮಕ್ಕಳಿಗೂ ಗೊತ್ತಾಗ್ಬೇಕಲ್ಲ, ನಮ್ಮ ಮನೆ ಗೆರೆ ಯಾವುದು ಅಂತ. ಇದೇ ಅಲ್ವಾ ನಮ್ಮದು?"

ಹುಯಿಪಿಂಗ್ ನೆಲ ನೋಡುತ್ತಿದ್ದಳು. ಪೆಟ್ಟಿಗೆಯ ಮುಚ್ಚಳ ಹಿಡಿದವರು ನಮಗಾಗಿ ಕಾಯುತ್ತಿದ್ದರು.

"ಹೌದಪ್ಪ," ಎಂದೆ. "ಇದೇ."